ಠರಾವು ಬುಕ್ಕಿನಿಂದ ಕಂಪ್ಯೂಟರಿಗೆ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳಲ್ಲಿ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ವಸೂಲಾಯಿತು ಎಂಬುದನ್ನು ವರದಿಯಲ್ಲಿ ಈಗಷ್ಟೇ ಕೇಳಿದ್ದೀರಿ. ನಾವು ಬೇರೆ ಮಾತು ಎತ್ತುತ್ತೇವೆ. ಅದು ಸಂಘದ ಕಾಗದಪತ್ರ ಬರೆಯುವ ಕಂಪ್ಯೂಟರಿನ ಗೋಳು. ‘ಇದು ಗುಮಾಸ್ತರ ತಾಪತ್ರಯ, ನಮಗ್ಯಾಕ್ರಿ?’ ಅಂತ ಹಿಂದೆ ಕೂತವರು ಅನ್ನಬಹುದು. ಆದರೆ ಆ ಕಾಗದದಲ್ಲಿ ಇರುವುದು ನಿಮ್ಮ ಹೆಸರು, ನಿಮ್ಮ ಷೇರು, ನಿಮ್ಮ ಹೊಲದ ಸರ್ವೆ ನಂಬರು.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲಕ್ಕೆ ಶಾಯಿ, ಟಾಕು, ಕೀರ್ದಿ ಇದ್ದರೆ ಸಾಕಿತ್ತು. ಶಾಯಿಯಲ್ಲಿ ಬರೆದ ‘ಕ’ ಚಿಕ್ಕೋಡಿಗೆ ಒಯ್ದರೂ ‘ಕ’, ಅಥಣಿಗೆ ಒಯ್ದರೂ ‘ಕ’. ಕಂಪ್ಯೂಟರ್ ಬಂದ ಮೇಲೆ ಈ ಮಾತು ಉಳಿಯಲಿಲ್ಲ. ನಮ್ಮ ಸದಸ್ಯರ ಯಾದಿಯನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಒಂದು ಡಿಟಿಪಿ ಅಂಗಡಿಗೆ ಹೋದರೆ, ಅಲ್ಲಿ ತೆರೆದುಕೊಂಡದ್ದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ‘ನಿಮ್ಮ ಫಾಂಟ್ ನಮ್ಮಲ್ಲಿ ಇಲ್ರಿ’ ಅಂದರು.

ಯಾಕೆ ಹೀಗಾಗುತ್ತದೆ? ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷಿಗೆ ಮೀಸಲಾದ ಅಂಕಿಗಳ ಮೇಲೆಯೇ ಕನ್ನಡದ ಚಿತ್ರ ಕೂರಿಸಿದವು. ಪಾರಿಜಾತದ ಆಟದಲ್ಲಿ ಗಂಡಸು ಸತ್ಯಭಾಮೆಯ ವೇಷ ಕಟ್ಟಿದ ಹಾಗೆ. ವೇಷ ಕಳಚಿತೋ, ಒಳಗಿನ ಮೀಸೆ ಕಂಡಿತು. ಸಾಲದ್ದಕ್ಕೆ ಒಂದೊಂದು ತಂತ್ರಾಂಶದ ವೇಷ ಒಂದೊಂದು ಬಗೆ. ಹಾಗಂತ ಅವನ್ನು ಹಳಿಯುವುದು ಸರಿಯಲ್ಲ. ಕೆ. ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು, ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅವರೆಲ್ಲ ಇಲ್ಲದಿದ್ದರೆ ಹಳ್ಳಿಯ ಸಂಘದ ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದಕ್ಕೆ ಇನ್ನೂ ಬಹಳ ದಿನ ಬೇಕಾಗುತ್ತಿತ್ತು.

ಈಗ ಯುನಿಕೋಡ್ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಅಂಕಿಗಳು ಸಿಕ್ಕವು. ಮರಾಠಿ ಬರೆಯುವ ದೇವನಾಗರಿಗೂ ಸಿಕ್ಕವು. ನಮ್ಮ ಗಡಿಭಾಗಕ್ಕೆ ಇದು ಸಣ್ಣ ಸಂಗತಿಯಲ್ಲ. ನಿಪ್ಪಾಣಿ, ಕಾಗವಾಡ ಕಡೆ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ ಆಡುವವರು ಎಷ್ಟೋ ಮಂದಿ. ಸಭೆಯ ನೋಟಿಸನ್ನು ಎರಡೂ ಭಾಷೆಯಲ್ಲಿ ಒಂದೇ ಹಾಳೆಯ ಮೇಲೆ ಹಾಕಬೇಕಾದರೆ, ಮೊದಲು ಸಾಲುಸಾಲಿಗೂ ಫಾಂಟ್ ಬದಲಿಸಬೇಕಿತ್ತು. ಈಗ ಅದು ಬೇಕಿಲ್ಲ. ಅದೇ ನೋಟಿಸು ನಿಮ್ಮ ಮೊಬೈಲಿನಲ್ಲೂ ಓದಲು ಬರುತ್ತದೆ. ನುಡಿಯಲ್ಲೂ ಬರಹದಲ್ಲೂ ಯುನಿಕೋಡ್ ಇದ್ದೇ ಇದೆ, ಕೀಲಿಮಣೆಯೂ ಹಳೆಯದೇ. ನಮ್ಮ ಗುಮಾಸ್ತರ ಬೆರಳು ಹೊಸದಾಗಿ ಕಲಿಯಬೇಕಾದ್ದಿಲ್ಲ.

ಇನ್ನು ಬರೆಯುವ ತಂತ್ರಾಂಶ ಯಾವುದು? ಎಲ್ಲರೂ ಬಳಸುವ ವರ್ಡ್‌ಗೆ ದುಡ್ಡು ಕೊಡಬೇಕು. ಕಳ್ಳ ಪ್ರತಿ ಹಾಕಿಸುವುದು ಸದಸ್ಯರ ಷೇರು ಹಣ ನೋಡಿಕೊಳ್ಳುವ ಸಂಘಕ್ಕೆ ಶೋಭಿಸುವುದಿಲ್ಲ. ಲಿಬ್ರೆ ಆಫೀಸ್ ಎಂಬುದು 2010ರಿಂದ ಇದೆ, ಪುಕ್ಕಟೆ ಮತ್ತು ಕಾನೂನುಬದ್ಧ. ಠರಾವು, ನೋಟಿಸು, ಅರ್ಜಿಗೆ ಧಾರಾಳವಾಗಿ ಸಾಕು. ಅದರಲ್ಲೂ ಒಂದು ಕಿರಿಕಿರಿ ಉಂಟು. ವರ್ಡ್‌ನಲ್ಲಿ ಮಾಡಿದ ಅಢಾವೆ ಪತ್ರಿಕೆಯನ್ನು ಇದರಲ್ಲಿ ತೆರೆದರೆ ಕೋಷ್ಟಕದ ಗೆರೆ ಒಮ್ಮೊಮ್ಮೆ ಅತ್ತಿತ್ತ ಜರುಗುತ್ತದೆ. ಅದಕ್ಕೇ ಹೊರಗೆ ಕಳಿಸುವ ಕಾಗದವನ್ನೆಲ್ಲ ಪಿಡಿಎಫ್ ಮಾಡಿಯೇ ಕಳಿಸಬೇಕೆಂದು ಮಂಡಳಿ ಠರಾಯಿಸಿದೆ.

2022ರ ಜೂನ್‌ನಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿತು, ನಿಜ. ಅದು ಲೆಕ್ಕಪತ್ರದ ಮಾತು. ಸಭೆಯ ನಡಾವಳಿಯನ್ನು ನಾವೇ ಬರೆಯಬೇಕು, ಹಳೆಯ ಯಾದಿಯನ್ನು ನಾವೇ ಬದಲಾಯಿಸಬೇಕು.

ಕಷ್ಟ ಇರುವುದು ಇಲ್ಲೇ. ಹಳೆಯ ಫಾಂಟಿನಿಂದ ಯುನಿಕೋಡಿಗೆ ಬದಲಿಸುವ ಸಾಧನಗಳಿವೆ, ಆದರೆ ಅವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಅಕ್ಷರದ ಬೆನ್ನಿಗಿರುತ್ತದೆ, ಯುನಿಕೋಡಿನಲ್ಲಿ ‘ರ’ ಮುಂದೆ ಬರಬೇಕು. ಅರ್ಜುನ, ದುರ್ಗವ್ವ ಇಂಥ ಹೆಸರು ಅಲ್ಲಿ ಎಡವುತ್ತವೆ. ನಡುವೆ ಇಂಗ್ಲಿಷಿನಲ್ಲಿದ್ದ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ ಅರ್ಥವಿಲ್ಲದ ಕನ್ನಡವಾಗಿ ಕೂರುತ್ತದೆ. ಫ್ರೂಟ್ಸ್‌ನಲ್ಲಿರುವ ಹೆಸರಿಗೂ ಸಂಘದ ಯಾದಿಯ ಹೆಸರಿಗೂ ತಾಳೆಯಾಗದಿದ್ದರೆ ಓಡಾಡುವವರು ಯಾರು? ರಾಯಬಾಗಕ್ಕೋ ಚಿಕ್ಕೋಡಿಗೋ ಬಸ್ಸು ಹಿಡಿಯುವವರು ನೀವೇ ಅಲ್ಲವೇ!

ಆದ್ದರಿಂದ ಒಬ್ಬರು ಹಳೆಯ ಷೇರು ರಜಿಸ್ಟರ್ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆ ನೋಡಿ ತಿದ್ದುವುದು ಎಂದು ಗೊತ್ತು ಮಾಡಿದ್ದೇವೆ. ತಿದ್ದಿದ ಯಾದಿಯನ್ನು ಅಚ್ಚು ಹಾಕಿಸಿ ಕಚೇರಿಯ ಪಡಸಾಲೆಯಲ್ಲಿ ಒಂದು ತಿಂಗಳು ತೂಗುಹಾಕುತ್ತೇವೆ. ಬರುವಾಗ ಆಧಾರ್ ಕಾರ್ಡು, ಪಾಸ್‌ಬುಕ್ಕು ತನ್ನಿ. ಓದಲು ಬಾರದ ಹಿರಿಯರು ಮನೆಯ ಮಕ್ಕಳನ್ನು ಕರಕೊಂಡು ಬರ್ರಿ. ಹೆಸರಿನಲ್ಲಿ ಒಂದು ಕೊಂಬು, ಒಂದು ಒತ್ತು ಹೆಚ್ಚುಕಡಿಮೆ ಕಂಡರೂ ಅಲ್ಲೇ ಪೆನ್ಸಿಲಿನಿಂದ ಗುರುತು ಹಾಕಿರಿ.