ಪಾರಿಜಾತದ ಜಗಳ: ಗುಣವೆಷ್ಟು, ದೋಷವೆಷ್ಟು?



ಒಬ್ಬ ನಾಯಕ, ಅವನಿಗಾಗಿ ಹಂಬಲಿಸುವ ಹಲವು ಹೆಣ್ಣುಗಳು, ನಡುನಡುವೆ ದೇವ-ದೆವ್ವಗಳ ಪವಾಡ. ಜಪಾನಿನ ಕಾರ್ಟೂನ್ ಧಾರಾವಾಹಿಗಳಲ್ಲಿ ಇದಕ್ಕೆಂದೇ ಒಂದು ಪ್ರಕಾರವಿದೆ. 'ಹರೆಮ್', ಅಂದರೆ ಅಂತಃಪುರ ಎಂದು ಅದರ ಹೆಸರು. ಮಕ್ಕಳು ಮೊಬೈಲಿನಲ್ಲಿ ಇವನ್ನು ನೋಡಿದರೆ ಹಿರಿಯರು ಮೂಗು ಮುರಿಯುತ್ತಾರೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ನಮಗೆ ಈ ಬಗೆಯ ಕಥೆ ಹೊಸದೇ? ಬೆಳಗಾವಿ ಮತ್ತು ಅವಿಭಜಿತ ವಿಜಾಪುರ ಜಿಲ್ಲೆಗಳಲ್ಲಿ ಇರುಳಿಡೀ ಆಡುತ್ತ ಬಂದ ಶ್ರೀಕೃಷ್ಣ ಪಾರಿಜಾತವೂ ಇದೇ ಜಾತಿಯದಲ್ಲವೇ?

ಕಥೆ ಎಲ್ಲರಿಗೂ ಗೊತ್ತು. ನಾರದರು ದೇವಲೋಕದ ಒಂದು ಪಾರಿಜಾತದ ಹೂವನ್ನು ತಂದುಕೊಡುತ್ತಾರೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಕೇಳಿ ಸತ್ಯಭಾಮೆ ಮುನಿಯುತ್ತಾಳೆ. ಅವಳನ್ನು ಒಲಿಸಲು ಕೃಷ್ಣ ಇಂದ್ರನೊಡನೆ ಕಾದಾಡಿ ಗಿಡವನ್ನೇ ಭೂಮಿಗೆ ತರುತ್ತಾನೆ. ಅಪರಾಳ ತಮ್ಮಣ್ಣ ರಚಿಸಿದ ಈ ಕೃತಿಯನ್ನು ಗೋಕಾವಿ ಸೀಮೆಯ ಕುಲಗೋಡ ತಮ್ಮಣ್ಣ ಆಟವಾಗಿ ರೂಪಿಸಿದರೆಂಬುದು ಪ್ರಸಿದ್ಧ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದಕ್ಕೆ ಕೀರ್ತಿ ತಂದರು.

ಈ ಆಟದ ಮೊದಲ ಗುಣ ಭಾಮೆಯ ಮಾತು. ಸಿಟ್ಟು ಬಂದರೆ ನುಂಗಿಕೊಳ್ಳುವ ಹೆಣ್ಣಲ್ಲ ಅವಳು. ಜಗದೊಡೆಯನನ್ನೇ ಬಾಗಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳುತ್ತಾಳೆ. ದೇವರು ಇಲ್ಲಿ ಇಬ್ಬರ ನಡುವೆ ಸಿಕ್ಕ ಗಂಡನಾಗಿ ನಮ್ಮೂರ ಕನ್ನಡದಲ್ಲೇ ತಡವರಿಸುತ್ತಾನೆ. ದೂತಿ ಅವನ ಗುಟ್ಟನ್ನು ರಟ್ಟು ಮಾಡುತ್ತಾಳೆ. ಕೊರವಂಜಿ ಬಂದು ಕಣಿ ಹೇಳುತ್ತಾಳೆ. ದೊಡ್ಡವರನ್ನು ಹೀಗೆ ಆಡಿಕೊಂಡು ನಗುವ ಸ್ವಾತಂತ್ರ್ಯ ಹಗಲಿನಲ್ಲಿ ಊರಿಗೆ ಇರಲಿಲ್ಲ. ರಂಗ ಅದನ್ನು ಒಂದು ರಾತ್ರಿಯ ಮಟ್ಟಿಗೆ ಕೊಟ್ಟಿತು.

ಇನ್ನು ದೋಷ. ಜಗಳ ತೀರುವುದು ಹೂವಿನಿಂದ, ನ್ಯಾಯದಿಂದಲ್ಲ. ಗಿಡ ಭಾಮೆಯ ಅಂಗಳದಲ್ಲಿ, ಹೂವು ಉದುರುವುದು ರುಕ್ಮಿಣಿಯ ಅಂಗಳದಲ್ಲಿ ಎಂಬ ಜನಪ್ರಿಯ ಕಥೆಯನ್ನು ಕೇಳಿ ನಾವು ಚಪ್ಪಾಳೆ ತಟ್ಟುತ್ತೇವೆ. ಹೆಂಡಿರಿಬ್ಬರೂ ಒಬ್ಬರನ್ನೊಬ್ಬರು ನೋಡಿ ಉರಿಯುತ್ತಾರೆ. ಉರಿ ಹಚ್ಚಿದವನು ಮಾತ್ರ ಮುಗುಳ್ನಗುತ್ತ ಪಾರಾಗುತ್ತಾನೆ. ಅಷ್ಟಮಹಿಷಿಯರಲ್ಲಿ ಉಳಿದ ಆರು ಮಂದಿಗೆ ಇಲ್ಲಿ ಮಾತೇ ಇಲ್ಲ.

ಮನೆಯೊಳಗೆ ಸವತಿ ಎಂಬುದು ನಗೆಯ ವಿಷಯವಾಗಿರಲಿಲ್ಲ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ನಮ್ಮ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದು, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಂಡ ಸುಖದುಃಖವನ್ನು ನಾಡಿಗೆ ಕೇಳಿಸಿದರು. ಜನಪದ ತ್ರಿಪದಿಗಳಲ್ಲಿ ಬರುವ ಸವತಿಯ ಸಂಕಟಕ್ಕೂ ಪಾರಿಜಾತದ ವಿನೋದಕ್ಕೂ ಅಜಗಜಾಂತರ. ಆಗ ನಮ್ಮ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಹಿಂದೂಗಳ ದ್ವಿಪತ್ನಿತ್ವಕ್ಕೆ 1946ರಲ್ಲಿ ಕಾನೂನಿನ ತಡೆ ಬಂತು. 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ದೇಶದ ಕಾನೂನಾಗಿಸಿತು. ಹಾಡಿನಲ್ಲಿ ಅತ್ತವರಿಗೆ ಉತ್ತರ ಕೊಟ್ಟದ್ದು ಕಾನೂನು, ಪಾರಿಜಾತದ ಗಿಡವಲ್ಲ.

ಇದೇ ತಕ್ಕಡಿಯಲ್ಲಿ ಜಪಾನಿನ ಕಥೆಯನ್ನೂ ತೂಗೋಣ. 1992ರಲ್ಲಿ ಆರಂಭವಾದ 'ತೆಂಚಿ ಮುಯೋ' ಎಂಬ ಸರಣಿಯಲ್ಲಿ, ಗುಹೆಯಲ್ಲಿ ಬಂಧಿಯಾಗಿದ್ದ ರ್‍ಯೋಕೊ ಎಂಬವಳನ್ನು ತೆಂಚಿ ಎಂಬ ಹುಡುಗ ಬಿಡಿಸುತ್ತಾನೆ. ಬಳಿಕ ಆಕಾಶಲೋಕದ ರಾಜಕುಮಾರಿ ಅಯೇಕಾ ಬರುತ್ತಾಳೆ. ಅವನಿಗಾಗಿ ಇಬ್ಬರಿಗೂ ದಿನವೂ ಜಟಾಪಟಿ. ಹೆಣ್ಣುಗಳು ಶಕ್ತಿವಂತರು, ಮಾತುಗಾರರು, ಅದು ಗುಣ. ಹುಡುಗ ಮಾತ್ರ ಯಾರನ್ನೂ ಆರಿಸುವುದಿಲ್ಲ. ಒಬ್ಬಳನ್ನು ಆರಿಸಿದರೆ ಜಗಳ ಮುಗಿಯುತ್ತದೆ, ಜಗಳ ಮುಗಿದರೆ ಕಥೆಯೂ ಮುಗಿಯುತ್ತದೆ. ಈ ಪ್ರಕಾರದ ದೊಡ್ಡ ದೌರ್ಬಲ್ಯವೇ ಇದು. ನಮ್ಮ ಆಟವಾದರೋ ಬೆಳಗಾಗುವಷ್ಟರಲ್ಲಿ ಮಂಗಳ ಹಾಡಲೇಬೇಕು.

ಆದ್ದರಿಂದ ಮಕ್ಕಳ ಕೈಯಿಂದ ಮೊಬೈಲು ಕಸಿಯುವ ಮುನ್ನ ಒಂದು ಪ್ರಶ್ನೆ ಕೇಳಿ: ಈ ಕಥೆಯಲ್ಲಿ ಹೆಣ್ಣು ತನ್ನ ಮಾತನ್ನು ಆಡುತ್ತಾಳೆಯೇ, ಅಥವಾ ಅವನ ಹಿಂದೆ ಅಲೆಯುವುದಷ್ಟೇ ಅವಳ ಕೆಲಸವೇ? ಪಾರಿಜಾತ ನೋಡುವಾಗಲೂ ಅದನ್ನೇ ಕೇಳಿಕೊಳ್ಳಬೇಕು. ಆಗ ಭಾಮೆಯ ಸಿಟ್ಟು ಬರೀ ಹೊಟ್ಟೆಕಿಚ್ಚಲ್ಲ, ನ್ಯಾಯವಾದ ದೂರು ಎಂಬುದು ಕಾಣುತ್ತದೆ.