ಮೊದಲು ಅಶ್ವಸೇನನ ಅರ್ಥ ಹೇಳಿ

ಇವತ್ತು ಕೃಷಿ, ತೋಟಗಾರಿಕೆಯ ಪದವಿ ಪಡೆಯುತ್ತಿರುವ ಮಕ್ಕಳೇ,

ನಿಮಗೆಲ್ಲ ಅಭಿನಂದನೆ. ಪದಕ ಬಂದವರಿಗೆ ಇನ್ನೊಂದು ಸಲ ಅಭಿನಂದನೆ. ಮಣ್ಣು, ಬೀಜ, ರೋಗದ ವಿಷಯ ನಿಮ್ಮ ಗುರುಗಳು ಹೇಳಿದ್ದಾರೆ, ನಾನು ಅದಕ್ಕೆ ಕೈಹಾಕುವುದಿಲ್ಲ. ಆದರೆ ನೀವು ಇಲಾಖೆಗೋ, ಬ್ಯಾಂಕಿಗೋ, ಗೊಬ್ಬರದ ಕಂಪನಿಗೋ ಸೇರಿದ ಸ್ವಲ್ಪ ದಿನಕ್ಕೇ ಯಾವುದೋ ಸಹಕಾರಿ ಸಂಘದ ಸಭಾಂಗಣದಲ್ಲಿ ನಿಮ್ಮ ಕೈಗೊಂದು ಮೈಕ್ ಕೊಡುತ್ತಾರೆ. ಅದಕ್ಕೆ ಯಾವ ಸೆಮಿಸ್ಟರಿನಲ್ಲೂ ಪಾಠ ಇರಲಿಲ್ಲ. ಕೃಷಿ ವಿಸ್ತರಣೆ ಎಂಬ ವಿಷಯದಲ್ಲಿ ಒಳ್ಳೆಯ ಅಂಕ ಬಂದವರೂ ಅಲ್ಲಿ ತಡವರಿಸುವುದನ್ನು ನೌಕರಿಯುದ್ದಕ್ಕೂ ನೋಡಿದ್ದೇನೆ.

ನನಗೆ ಮಾತು ಕಲಿಸಿದ್ದು ತಾಳಮದ್ದಳೆ. ಘಟ್ಟದ ಮೇಲಿನ ಮಕ್ಕಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಯಕ್ಷಗಾನದಿಂದ ವೇಷ, ಕುಣಿತ ಎಲ್ಲ ತೆಗೆದರೆ ಉಳಿಯುವುದು ಅದು. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಮದ್ದಳೆ ನಿಂತ ಮೇಲೆ ಅರ್ಥಧಾರಿ, ಅಂದರೆ ಆ ಪದದ ಅರ್ಥ ಹೇಳುವವರು, ಕುಳಿತಲ್ಲೇ ರಾಮನಾಗಿಯೋ ವಾಲಿಯಾಗಿಯೋ ಮಾತಾಡಬೇಕು. ಪದ ಕೆಲವೇ ಸಾಲು, ಮಾತು ಅರ್ಧ ಗಂಟೆಯೂ ಹೋದೀತು. ಬರೆದಿಟ್ಟ ಸಂಭಾಷಣೆ ಇಲ್ಲ, ಇದಿರು ಕುಳಿತವರು ಏನು ಕೇಳುತ್ತಾರೋ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆ ಕೇಳಲು ಜನ ಊರೂರಿನಿಂದ ಬರುತ್ತಿದ್ದರು. ರಾಮನ ಅರ್ಥ ಹೇಳುವವರ ಪಾಡು ಏನೆಂದು ನೀವೇ ಊಹಿಸಿಕೊಳ್ಳಿ.

ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರು ಹವ್ಯಾಸಿ ಅರ್ಥಧಾರಿಗಳು. ಬಾಯಲ್ಲಿ ಸದಾ ಎಲೆಯಡಿಕೆ. ಅರ್ಥಕ್ಕೆ ಕೂರುವ ಮೊದಲು ಮಾತ್ರ ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ನಾನು ಮಾತು ಕಲಿಯಬೇಕು ಎಂದಾಗ ನನ್ನನ್ನು ಕೂಟಗಳಿಗೆ ಕರೆದುಕೊಂಡು ಹೋಗಿ ಹಿಮ್ಮೇಳದ ಹಿಂದೆ ಕೂರಿಸಿದರು. ಕೆಲಸ ಬರೀ ಕೇಳುವುದು. ಬರುವಾಗ ಕತ್ತಲ ದಾರಿಯಲ್ಲಿ ಟಾರ್ಚು ಹಿಡಿದುಕೊಂಡು, ಕೌರವ ಏನು ಕೇಳಿದ, ಕೃಷ್ಣ ಅದಕ್ಕೆ ಉತ್ತರ ಕೊಟ್ಟನೋ ಜಾರಿಕೊಂಡನೋ ಎಂದು ನನ್ನಿಂದ ಹೇಳಿಸುತ್ತಿದ್ದರು. “ಮಾಷ್ಟ್ರೇ, ನಾನು ಮಾತಾಡುವುದು ಯಾವಾಗ?” ಎಂದರೆ, “ಮೊದಲು ಕೇಳಿ ಮುಗಿಯಲಿ ಮಾರಾಯ” ಎನ್ನುವರು.

ಕೊನೆಗೊಂದು ದಿನ ಕೊಟ್ಟದ್ದು ಕರ್ಣಪರ್ವದ ಅಶ್ವಸೇನ. ಖಾಂಡವವನ ಸುಟ್ಟಾಗ ತಾಯಿಯನ್ನು ಕಳೆದುಕೊಂಡ ಹಾವು. ಕರ್ಣನ ಬಾಣದಲ್ಲಿ ಸೇರಿ ಹೋಗುತ್ತಾನೆ, ಅರ್ಜುನನ ಕಿರೀಟವಷ್ಟೇ ಬೀಳುತ್ತದೆ, ಮರಳಿ ಬಂದು ಇನ್ನೊಮ್ಮೆ ತೊಡು ಎಂದು ಕರ್ಣನನ್ನು ಬೇಡುತ್ತಾನೆ. ತೊಟ್ಟ ಬಾಣ ಮತ್ತೆ ತೊಡುವುದಿಲ್ಲ ಎಂದು ಕರ್ಣ ಹೇಳಿದರೆ ಅವನ ಕೆಲಸ ಮುಗಿಯಿತು. ಸಣ್ಣ ಅರ್ಥ. ಒಂದು ಪುಟ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ. ಕರ್ಣನಾಗಿ ಕುಳಿತವರು ಪಂಡಿತರೇ. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: “ನನ್ನ ಬತ್ತಳಿಕೆಯೊಳಗೆ ನನ್ನನ್ನು ಕೇಳದೆ ನುಗ್ಗಿದವನು ನೀನು. ಕದ್ದು ಬಂದವನ ಸಹಾಯ ನನಗೇಕೆ?” ನನ್ನ ಪುಟದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಮದ್ದಳೆಯವರು ನನ್ನ ಮುಖ ನೋಡಿದರು. ಸುಮ್ಮನಿದ್ದೆ, ಆಮೇಲೆ ಹೇಳಿದೆ: “ನನ್ನ ಕಾಡು ಸುಟ್ಟವರು ನನ್ನ ತಾಯಿಯನ್ನು ಕೇಳಿ ಸುಟ್ಟರೇ?” ಸಭೆಯಲ್ಲಿ ಯಾರೋ “ಭಳಿರೆ” ಎಂದರು. ಪಂಡಿತರು ಏನೂ ಅನ್ನಲಿಲ್ಲ. ಮುಂದಿನ ಕೂಟಕ್ಕೆ ಮತ್ತೆ ಅಶ್ವಸೇನನನ್ನೇ ಕೊಟ್ಟರು, ಬೇರೆ ಪ್ರಶ್ನೆ ಕೇಳಿದರು.

ಇಷ್ಟು ಉದ್ದಕ್ಕೆ ಹೇಳಿದ್ದು ಯಾಕೆಂದರೆ, ನೀವೆಲ್ಲ ನೇರ ಕರ್ಣನ ಅರ್ಥಕ್ಕೇ ಕೂರಲು ಹೊರಟವರು. ಮೊಬೈಲಿನಲ್ಲಿ ಒಂದೊಂದು ನಿಮಿಷದ ಸ್ಫೂರ್ತಿಯ ಮಾತು ನೋಡುತ್ತೀರಿ. ಕೈ ಆಡಿಸುವುದು, ನಡುವೆ ನಿಲ್ಲಿಸುವುದು, ಎಲ್ಲ ಅಲ್ಲಿಂದ ಎತ್ತಿದ್ದು. ಇದಿರಿಗೆ ಮನುಷ್ಯನೇ ಇಲ್ಲದ ಮಾತು ಅದು. ಅಡಿಕೆ ಬೆಳೆಗಾರ ನಿಮ್ಮನ್ನು ಮೇಲೆ ಸರಿಸಿ ಮುಂದಕ್ಕೆ ಹೋಗುವುದಿಲ್ಲ, ಅಲ್ಲೇ ಕುಳಿತು ಆಕಳಿಸುತ್ತಾನೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕೆಂದು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಹೇಳಿ ನೂರು ವರ್ಷ ದಾಟಿತು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಎಲ್ಲರಿಗೂ ಬಾಯಿಗೆ ಬರುತ್ತದೆ. ಆದರೂ ಮಳೆಗಾಲ ಬಂತೆಂದರೆ ಬೆರೆಸುವುದರಲ್ಲಿ ತಪ್ಪಾಗುತ್ತದೆ. ನೌಕರಿಯಲ್ಲಿದ್ದಾಗ ಒಮ್ಮೆ, ಮೇಲಿನ ಕಚೇರಿಯಿಂದ ಬಂದ ಕರಪತ್ರವನ್ನು ನಾನು ಓದುತ್ತಿದ್ದಾಗ ಊಟ ಮುಗಿಸಿ ಬಂದ ಸಭೆ ನಿದ್ದೆಗೆ ಜಾರುತ್ತಿತ್ತು. ಓದುವುದು ನಿಲ್ಲಿಸಿ, ಎರಡು ಪ್ಲಾಸ್ಟಿಕ್ ಬಕೆಟ್ ತರಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರು ಹೊಯ್ದೆ, ಬೇಕೆಂದೇ ಸುಣ್ಣ ಕಡಿಮೆ ಮಾಡಿ. ಮುಂದಿನ ಸಾಲಿನವರ ಕತ್ತಿ ಇಸಕೊಂಡು ಅದ್ದಿ ಎತ್ತಿದರೆ ಹೊಳೆಯುವ ಅಲಗಿನ ಮೇಲೆ ಕೆಂಪು ತಾಮ್ರ ಕೂತಿತ್ತು. ಅಂದರೆ ಇನ್ನೂ ಸುಣ್ಣ ಬೇಕು. ಹಿಂದಿನವರು ಎದ್ದು ಮುಂದೆ ಬಂದರು. ಮಾತಾಡಲು ಹೋಗುವಾಗ ಕೈಯಲ್ಲಿ ಏನಾದರೂ ಇರಲಿ, ಕಾಗದ ಬಿಟ್ಟು.

ಇನ್ನು ಕೆಲವು ಚಿಲ್ಲರೆ ವಿಷಯ. ಮೊದಲಿಗೆ ಉಪನ್ಯಾಸ ಕೊಡುತ್ತೇನೆ ಎನ್ನಬೇಡಿ, ವಂದನಾರ್ಪಣೆ ಕೇಳಿ ಪಡೆಯಿರಿ. ಹಿಂದೆ ಮಾತಾಡಿದವರನ್ನೆಲ್ಲ ಕೇಳಿಸಿಕೊಳ್ಳದೆ ಅದನ್ನು ಸರಿಯಾಗಿ ಮಾಡಲಾಗುವುದಿಲ್ಲ. ಹೆಸರುಗಳನ್ನು ಆಯಾ ಜನರನ್ನೇ ಕೇಳಿ ಬರೆದುಕೊಳ್ಳಿ. ಮೈಕನ್ನು ಬಡಿಯಬೇಡಿ, ಊದಬೇಡಿ, ದಯವಿಟ್ಟು. ವೇದಿಕೆಯಲ್ಲಿ ಆಸೀನರಾಗಿರುವ ಎಂದು ಶುರುಮಾಡಿ ಹತ್ತು ಜನರ ಪದವಿಗಳನ್ನು ಓದಿದರೆ ನಿಮ್ಮ ಸಮಯ ಅಲ್ಲೇ ತೀರಿತು. ತುಳುವಿನಲ್ಲಿ, ಬ್ಯಾರಿಯಲ್ಲಿ ಪ್ರಶ್ನೆ ಬಂದರೆ ಗೊತ್ತಿದ್ದಷ್ಟು ಅದರಲ್ಲೇ ಉತ್ತರಿಸಿ, ವ್ಯಾಕರಣ ಯಾರೂ ನೋಡುವುದಿಲ್ಲ. ಕೊನೆಯ ವಾಕ್ಯ ಮಾತ್ರ ಮನೆಯಲ್ಲೇ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಗಿಸುವ ಜಾಗ ಸಿಗದೆ ಸುತ್ತುತ್ತಲೇ ಇರುತ್ತೀರಿ.

ಇನ್ನೊಂದು. “ಪ್ರಶ್ನೆಗಳಿದ್ದರೆ ಕೇಳಿ” ಎಂದಾಗ ಯಾರೂ ಕೇಳುವುದಿಲ್ಲ. ಸಭೆ ಮುಗಿದು ಚಹಾ ಆದ ಮೇಲೆ, ಇಡೀ ಹೊತ್ತು ಸುಮ್ಮನೆ ಕುಳಿತಿದ್ದವರೊಬ್ಬರು ಜೀಪಿನ ಹತ್ತಿರ ಬಂದು ಜೇಬಿನಿಂದ ಕೊಳೆತ ಅಡಿಕೆ ತೆಗೆದು, “ಇದು ಎಂತದು ನೋಡಿ ಸರ್” ಎನ್ನುತ್ತಾರೆ. ಆ ಹೊತ್ತಿಗೆ ಡ್ರೈವರಿಗೆ ಗಾಡಿ ಸ್ಟಾರ್ಟ್ ಮಾಡಲು ಹೇಳಿರಬೇಡಿ.