ಹುಲ್ಲುಹಾಸಿನ ಗೊಬ್ಬರಕ್ಕೂ ಒಂದು ನಿಯಮ ಬೇಡವೇ?

ಇವತ್ತು ಕೆಂಗೇರಿ ಕಡೆಯ ಒಂದು ವಿಷಯ ಮಾತಾಡೋಣ. ಅಪಾರ್ಟ್‌ಮೆಂಟ್ ಆವರಣದಲ್ಲಿ, ಮನೆ ಮುಂದೆ ಬೆಳೆಸ್ತೀವಲ್ಲ ಹುಲ್ಲುಹಾಸು, ಅದಕ್ಕೆ ಎರಚೋ ಗೊಬ್ಬರದ ವಿಷಯ.

2024ರ ಮಾರ್ಚ್ ನೆನಪಿರಬೇಕು ನಿಮಗೆ. ಬೋರ್‌ವೆಲ್‌ಗಳು ಬತ್ತಿದ್ವು, ಟ್ಯಾಂಕರ್ ಸಿಗ್ತಿರಲಿಲ್ಲ. ಆಗ ಜಲಮಂಡಳಿ ಒಂದು ಆದೇಶ ಹೊರಡಿಸ್ತು. ಕುಡಿಯುವ ನೀರನ್ನ ಗಿಡಕ್ಕೆ ಹಾಕಿದ್ರೆ, ಕಾರು ತೊಳೆದ್ರೆ 5,000 ರೂಪಾಯಿ ದಂಡ. ಒಳ್ಳೇದೇ ಆಯ್ತು. ಎಸ್‌ಟಿಪಿ ಇರೋ ಕಡೆ ಸಂಸ್ಕರಿಸಿದ ನೀರನ್ನ ಹುಲ್ಲಿಗೆ ಬಿಡೋ ರೂಢಿ ಹೆಚ್ಚಾಯ್ತು.

ಆದರೆ ಆ ನೀರಲ್ಲಿ ಏನಿದೆ? ಸಾಮಾನ್ಯ ಎಸ್‌ಟಿಪಿ ಕೊಳೆಯನ್ನ, ವಾಸನೆಯನ್ನ ತಕ್ಕಮಟ್ಟಿಗೆ ತೆಗೆಯುತ್ತೆ. ರಂಜಕ ತೆಗೆಯೋಕೆ ಪ್ರತ್ಯೇಕ ಹಂತ ಬೇಕು. ಅದಿಲ್ಲದಿದ್ರೆ ರಂಜಕದ ಬಹುಪಾಲು ನೀರಲ್ಲೇ ಉಳಿಯುತ್ತೆ. ಸಾರಜನಕವೂ ಒಂದಷ್ಟು ಇರುತ್ತೆ. ಅಂದ್ರೆ ಹುಲ್ಲಿಗೆ ನೀರಿನ ಜೊತೆಗೇ ಗೊಬ್ಬರ ಹೋಗ್ತಿದೆ. ಅದರ ಮೇಲೆ ಮಾಲಿ ಮತ್ತೆ ಡಿಎಪಿ ತಂದು ಎರಚ್ತಾರೆ. ಅದೂ ಮೋಡ ಕಟ್ಟಿದ ದಿನ ನೋಡಿ, ಮಳೆಗೆ ಚೆನ್ನಾಗಿ ಕರಗುತ್ತೆ ಅಂತ. ಮಾಲಿಯದ್ದು ತಪ್ಪೇನಿಲ್ಲ, ಹೊಲದಲ್ಲಿ ಕಲಿತದ್ದು ಅದನ್ನೇ. ಆದರೆ ಸುತ್ತ ಕಾಂಕ್ರೀಟ್ ಇರೋ ಜಾಗದಲ್ಲಿ ಜೋರು ಮಳೆ ಬಂದ್ರೆ ಕಾಳುಗಳು ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ.

ಸ್ವಲ್ಪ ಲೆಕ್ಕ ಹಾಕೋಣ. ಡಿಎಪಿ ಚೀಲದ ಮೇಲೆ 18-46-0 ಅಂತ ಇರುತ್ತೆ. ಆ 46 ರಂಜಕದ ಆಕ್ಸೈಡಿನ ಲೆಕ್ಕ. ಬರೀ ರಂಜಕ ಅಂದ್ರೆ ಒಂದು ಕೆ.ಜಿ.ಯಲ್ಲಿ ಸುಮಾರು 200 ಗ್ರಾಂ. ಕೆರೆ ನೀರಲ್ಲಿ ಲೀಟರಿಗೆ 0.1 ಮಿಲಿಗ್ರಾಂ ರಂಜಕ ಇದ್ರೂ ಪಾಚಿ ಹಸಿರುಗಟ್ಟೋಕೆ ಸಾಕು. 200 ಗ್ರಾಂ ಪೂರ್ತಿ ನೀರಿಗೆ ಸೇರಿದ್ರೆ 20 ಲಕ್ಷ ಲೀಟರನ್ನ ಆ ಮಟ್ಟಕ್ಕೆ ತರುತ್ತೆ. ಒಂದೇ ಒಂದು ಕೆ.ಜಿ.!

ಹೌದು, ವೃಷಭಾವತಿಗೆ ಸೇರೋ ಚರಂಡಿ ನೀರಿನ ಮುಂದೆ ಇದು ಯಾವ ಲೆಕ್ಕ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೈಸೂರು ರಸ್ತೆಯ ಪಕ್ಕ ಮೂಗು ಮುಚ್ಚಿಕೊಂಡು ಓಡಾಡೋರಿಗೆ ನಾನೇನು ಹೇಳಬೇಕಿಲ್ಲ. ಹುಲ್ಲಿನ ಗೊಬ್ಬರ ನಿಲ್ಲಿಸಿದ ಮಾತ್ರಕ್ಕೆ ಆ ನದಿ ಸರಿಹೋಗಲ್ಲ. ಆದರೆ ಕೆಂಗೇರಿ ಕೆರೆಯಂಥ ಊರೊಳಗಿನ ಕೆರೆಗಳ ಮಾತು ಬೇರೆ. ಅಲ್ಲಿ ನೀರು ನಿಲ್ಲುತ್ತೆ, ರಂಜಕ ತಳದ ಹೂಳಲ್ಲಿ ಕೂತು ವರ್ಷಗಟ್ಟಲೆ ಮತ್ತೆ ಮತ್ತೆ ಮೇಲೆ ಬರುತ್ತೆ. ಕಳೆ ತೆಗೆಸೋಕೆ ದುಡ್ಡು ಸುರಿದ ಮೇಲೂ ಕಳೆ ಯಾಕೆ ಬರುತ್ತೆ ಅನ್ನೋದಕ್ಕೆ ಇದೂ ಒಂದು ಉತ್ತರ. ಇನ್ನು ನದಿಗೆ ಸೇರಿದ್ದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ. ಆ ನೀರಲ್ಲೇ ಅಲ್ಲಿನ ರೈತರು ಬೆಳೆ ತೆಗೀತಿದ್ದಾರೆ.

ಬೇರೆ ಕಡೆ ಏನು ಮಾಡಿದ್ದಾರೆ? ಅಮೆರಿಕದ ಮಿನ್ನೆಸೋಟಾದಲ್ಲಿ 2005ರಿಂದ ರಾಜ್ಯದಾದ್ಯಂತ ಹುಲ್ಲುಹಾಸಿಗೆ ರಂಜಕದ ಗೊಬ್ಬರ ಹಾಕೋ ಹಾಗಿಲ್ಲ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡ್ರೆ, ಅಥವಾ ಹೊಸದಾಗಿ ಹುಲ್ಲು ಬೆಳೆಸೋದಾದ್ರೆ ವಿನಾಯಿತಿ. ಫ್ಲಾರಿಡಾದ ಪಿನೆಲಸ್ ಕೌಂಟಿಯಲ್ಲಿ ಮಳೆಗಾಲ, ಅಂದ್ರೆ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಸಾರಜನಕ, ರಂಜಕ ಎರಡಕ್ಕೂ ನಿಷೇಧ. ನಮ್ಮಲ್ಲಿ ಮೇ ತಿಂಗಳಲ್ಲೇ ಜೋರು ಮಳೆ ಶುರು, ಅಕ್ಟೋಬರ್‌ನಲ್ಲೂ ಬಿಡಲ್ಲ. ಹಾಗಾಗಿ ಅದೇ ತಾರೀಕು ಇಲ್ಲಿಗೆ ಒಗ್ಗಲ್ಲ, ಮೇಯಿಂದ ಅಕ್ಟೋಬರ್ ಅಂತ ಇಡಬೇಕು.

ನಮ್ಮ 1985ರ ರಸಗೊಬ್ಬರ ನಿಯಂತ್ರಣ ಆದೇಶ ಮುಖ್ಯವಾಗಿ ನೋಡೋದು ಗೊಬ್ಬರದ ಗುಣಮಟ್ಟ, ಮಾರಾಟವನ್ನ. ಮನೆ ಅಂಗಳದಿಂದ ಕೆರೆಗೆ ಹರಿಯೋದು ಅದರ ಕಣ್ಣಿಗೆ ಬೀಳಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಕೆರೆ ಪಕ್ಕದ ಬಡಾವಣೆಗಳಿಗಾದ್ರೂ ಇಂಥದ್ದೊಂದು ನಿಯಮ ತರೋಕೆ ಇದು ಸರಿಯಾದ ಹೊತ್ತು. ದಂಡಕ್ಕಿಂತ ಮೊದಲು ಬೇಕಾದ್ದು ಮಣ್ಣು ಪರೀಕ್ಷೆ.

ನಿಯಮ ಬರೋವರೆಗೆ, ನಿಮ್ಮ ಅಸೋಸಿಯೇಷನ್ ಸಭೆಯಲ್ಲಿ ಎಸ್‌ಟಿಪಿ ನೀರಿನ ಪರೀಕ್ಷಾ ವರದಿ ಕೇಳಿ. ರಂಜಕ ಎಷ್ಟಿದೆ ಅಂತ ಅದರಲ್ಲಿ ಇಲ್ಲದಿದ್ರೆ ಮುಂದಿನ ಸಲ ಅದನ್ನೂ ಪರೀಕ್ಷೆ ಮಾಡಿಸೋಕೆ ಹೇಳಿ. ಆ ಅಂಕಿ ಕೈಗೆ ಬರೋತನಕ ಡಿಎಪಿ ಚೀಲ ಬಿಚ್ಚೋದು ಬೇಡ.